ಅರಿವಿಲ್ಲದ ಅಕ್ಕರೆ ಮತ್ತು ಮೂಕಜೀವಿಗಳ ಪಾಡು



ಧರ್ಮಕ್ಕೆ ದಯೆಯೇ ತಳಹದಿ ಎಂಬ ಬಸವಣ್ಣನವರ ನಿಲುವನ್ನು ನಾವೆಲ್ಲರೂ ಬಾಲ್ಯದಿಂದಲೂ ಕೇಳಿಕೊಂಡು ಬಂದವರು. ಪ್ರಾರ್ಥನೆಯಲ್ಲಿ, ಶಿವಾನುಭವ ಗೋಷ್ಠಿಯಲ್ಲಿ, ಕೆಲವೊಮ್ಮೆ ಲಗ್ನಪತ್ರಿಕೆಯ ತಲೆಬರಹದಲ್ಲಿಯೂ ಆ ಮಾತು ಕಾಣಸಿಗುತ್ತದೆ. ಆದರೆ ದಯೆ ಎಂದರೇನು ಎಂದು ಬಿಡಿಸಿ ಕೇಳಿದರೆ, ಬಹುಮಂದಿಯ ಉತ್ತರ ಮನಸ್ಸು ಕರಗುವುದು ಎಂಬಲ್ಲಿಗೇ ನಿಂತುಬಿಡುತ್ತದೆ. ಮನಸ್ಸು ಕರಗಿದ ಮೇಲೆ ಕೈ ಏನು ಮಾಡಬೇಕು ಎಂಬುದನ್ನು ಯಾರೂ ಕೇಳುವುದಿಲ್ಲ. ಈ ಪ್ರಶ್ನೆಯನ್ನು ಇಂದು ಅತಿ ಚಿಕ್ಕ ಪ್ರಾಣಿಯೊಂದರ ನೆಪದಲ್ಲಿ ಪರಿಶೀಲಿಸಬೇಕೆಂದಿದ್ದೇನೆ. ಆ ಪ್ರಾಣಿ ಗಿನಿಪಿಗ್. ವಚನಚಿಂತನೆಯ ಅಂಗಳಕ್ಕೆ ಇದೇಕೆ ಬಂದಿತು ಎಂದು ಓದುಗರು ಹುಬ್ಬೇರಿಸಬಾರದಾಗಿ ವಿನಂತಿ.

ಬಲಿಗೆಂದು ತಂದ ಕುರಿಯನ್ನು ಕುರಿತು ಬಸವಣ್ಣನವರು ಹೇಳಿದ ವಚನವನ್ನು ಸ್ಮರಿಸಿಕೊಳ್ಳೋಣ. ವ್ಯಾಖ್ಯಾನಕಾರರು ಸಾಮಾನ್ಯವಾಗಿ ಅದನ್ನು ಪ್ರಾಣಿಬಲಿಯ ಖಂಡನೆಯೆಂದೋ, ಸಂಸಾರದ ಅನಿತ್ಯತೆಯ ರೂಪಕವೆಂದೋ ವಿವರಿಸುತ್ತಾರೆ. ಎರಡೂ ಸರಿಯೇ. ಆದರೆ ನನ್ನನ್ನು ಹಿಡಿದು ನಿಲ್ಲಿಸುವುದು ಬೇರೊಂದು ಸಂಗತಿ. ಆ ಗದ್ದಲದ ಹಬ್ಬದ ನಡುವೆ ಆ ಪ್ರಾಣಿ ಏನನ್ನು ತಿನ್ನುತ್ತಿದೆ ಎಂಬುದನ್ನು ಅವರು ಗಮನಿಸಿದ್ದಾರೆ. ಬೆಂದ ಹೊಟ್ಟೆಯನ್ನು ಹೊರೆಯಲು ಅದು ಎಲೆಗೆ ಬಾಯಿ ಹಾಕಿದ್ದನ್ನು ಉಳಿದವರಾರೂ ನೋಡಿರಲಿಲ್ಲ. ಮೊದಲು ನೋಡುವಿಕೆ, ಅನಂತರ ಕರಗುವಿಕೆ. ಶರಣರಲ್ಲಿ ಅರಿವು ಮತ್ತು ಆಚಾರ ಜೊತೆಯಾಗಿಯೇ ನಡೆಯುವುವು. ಅರಿವನ್ನು ಬಿಟ್ಟು ಬರಿಯ ಅಕ್ಕರೆಯನ್ನು ಆಚರಿಸಿದರೆ ಏನಾಗುತ್ತದೆ ಎಂಬುದಕ್ಕೆ ಇಂದಿನ ನಗರಗಳ ಮನೆಗಳಲ್ಲಿಯೇ ಉದಾಹರಣೆ ದೊರೆಯುತ್ತದೆ.

ಗಿನಿಪಿಗ್ ಹಂದಿಯೂ ಅಲ್ಲ, ಆಫ್ರಿಕದ ಗಿನಿ ದೇಶದ್ದೂ ಅಲ್ಲ. ದಕ್ಷಿಣ ಅಮೆರಿಕದ ಆಂಡಿಸ್ ಪರ್ವತ ಸೀಮೆಯ ಜನ ಸಾವಿರಾರು ವರ್ಷಗಳ ಹಿಂದೆಯೇ ಪಳಗಿಸಿದ ಜೀವಿ ಅದು; 16ನೆಯ ಶತಮಾನದಲ್ಲಿ ಯುರೋಪನ್ನು ತಲುಪಿತು. ವಿಜ್ಞಾನಿಗಳ ಕೈಗೆ ಸಿಕ್ಕು ಪ್ರಯೋಗಪಶುವೆಂಬುದಕ್ಕೆ ಪರ್ಯಾಯ ಹೆಸರಾದದ್ದು ಅದರ ದೌರ್ಭಾಗ್ಯ. ಈಗ ಬೆಂಗಳೂರಿನಲ್ಲಿ ಮಾತ್ರವಲ್ಲ, ನಮ್ಮ ಕಡೆಯ ಊರುಗಳ ಪ್ರಾಣಿ ಮಾರಾಟದ ಅಂಗಡಿಗಳಲ್ಲಿಯೂ ಪಂಜರದಲ್ಲಿ ಕಾಣಿಸುತ್ತದೆ. ಕಚ್ಚುವುದು ಅಪರೂಪ, ಬೊಗಳುವುದಿಲ್ಲ, ಸೊಪ್ಪು ತಿಂದುಕೊಂಡಿರುತ್ತದೆ. ಶಾಕಾಹಾರಿ ಮನೆಗಳಿಗೆ ಒಪ್ಪುವ ಪ್ರಾಣಿಯೆಂದು ಅಂಗಡಿಯವರು ಹೇಳುವುದುಂಟು. ಮಗುವಿನ ಹುಟ್ಟುಹಬ್ಬಕ್ಕೆ ತಂದೆ ಒಂದನ್ನು ಕೊಳ್ಳಲು ಹೋಗುತ್ತಾನೆ. ಒಂಟಿಯಾದರೆ ಕೊರಗುತ್ತದೆ ಎಂದು ಎರಡನ್ನು ತರುತ್ತಾನೆ. ಗುಂಪಿನಲ್ಲಿ ಬಾಳುವ ಜೀವಿಯಾದ್ದರಿಂದ ಆ ಮಾತು ನಿಜವೇ. ಎರಡೂ ಹೆಣ್ಣು ಎಂದು ಅಂಗಡಿಯ ಹುಡುಗ ಹೇಳಿರುತ್ತಾನೆ. ಮರಿಗಳ ಲಿಂಗವನ್ನು ಗುರುತಿಸುವುದು ಅಭ್ಯಾಸವಿಲ್ಲದವರಿಗೆ ಕಠಿಣ, ಹುಡುಗನಿಗೂ ತಿಳಿದಿರುವುದಿಲ್ಲ. ಕೊಂಡ ಹೆಣ್ಣು ಅಂಗಡಿಯ ಪಂಜರದಲ್ಲಿಯೇ ಗಬ್ಬವಾಗಿರುವುದೂ ಉಂಟು.

ಇಲ್ಲಿಂದ ಮುಂದಿನ ಲೆಕ್ಕವನ್ನು ಸ್ವಲ್ಪ ತಾಳ್ಮೆಯಿಂದ ಓದಬೇಕು. ಗಿನಿಪಿಗ್‌ನ ಗರ್ಭಾವಧಿ ಸುಮಾರು 59ರಿಂದ 72 ದಿನ. ಒಂದು ಸೂಲಿಗೆ ಸಾಮಾನ್ಯವಾಗಿ 2ರಿಂದ 4 ಮರಿ. ಮರಿಗಳು ಹುಟ್ಟುವಾಗಲೇ ಕಣ್ಣು ತೆರೆದಿರುತ್ತವೆ, ಮೈತುಂಬ ಕೂದಲಿರುತ್ತದೆ, ಹಲ್ಲೂ ಇರುತ್ತದೆ, ಅಂದೇ ಓಡಾಡುತ್ತವೆ. ಆ ಚೆಲುವಿಗೆ ಮನೆಮಂದಿಯೆಲ್ಲ ಮರುಳಾಗಿ ನಿಂತಿರುವಾಗಲೇ, ಹೆತ್ತ ಕೆಲವೇ ಗಂಟೆಗಳೊಳಗೆ, ತಾಯಿ ಮತ್ತೆ ಗರ್ಭ ಧರಿಸಬಲ್ಲಳು. ಗಂಡು ಅದೇ ಪಂಜರದಲ್ಲಿದ್ದರೆ ಧರಿಸಿಯೇ ಬಿಡುತ್ತಾಳೆ. ಹೆಣ್ಣುಮರಿಗಳು ನಾಲ್ಕೈದು ವಾರಕ್ಕೇ ಪ್ರಾಯಕ್ಕೆ ಬರಬಲ್ಲವು. ಗಂಡುಮರಿಗಳನ್ನು ಮೂರನೆಯ ವಾರಕ್ಕೆ ತಾಯಿಯಿಂದಲೂ ಅಕ್ಕತಂಗಿಯರಿಂದಲೂ ಬೇರ್ಪಡಿಸಬೇಕೆಂದು ಪಶುವೈದ್ಯರು ಹೇಳುವುದು ಈ ಕಾರಣಕ್ಕಾಗಿಯೇ. ಬೇರ್ಪಡಿಸದಿದ್ದರೆ? ಒಂದು ಜೋಡಿ ಮೊದಲ ಸೂಲಿಗೆ ಮೂರು ಮರಿ ಹಾಕಿತೆಂದು ಭಾವಿಸಿ. ಅವುಗಳಲ್ಲಿ ಎರಡು ಹೆಣ್ಣು. ಸುಮಾರು 65 ದಿನಕ್ಕೆ ತಾಯಿ ಮತ್ತೆ ಮೂರು ಹಾಕುತ್ತಾಳೆ. ನೂರನೆಯ ದಿನದ ಹೊತ್ತಿಗೆ ಆ ಇಬ್ಬರು ಹೆಣ್ಣುಮಕ್ಕಳೂ ತಾಯಂದಿರಾಗುತ್ತಾರೆ. ಹೀಗೆ ಎಣಿಸುತ್ತ ಹೋದರೆ ಎರಡು ಇದ್ದದ್ದು ಐದೂವರೆ ತಿಂಗಳೊಳಗೆ ಇಪ್ಪತ್ತನ್ನು ದಾಟುತ್ತದೆ. ಯಾರೂ ಕೆಟ್ಟವರಲ್ಲ, ಯಾರೂ ಕ್ರೂರಿಗಳಲ್ಲ. ಪಂಜರ ಮಾತ್ರ ಮೊದಲಿನದೇ.

ಇದರಲ್ಲಿ ತಾಯಿಯ ಪಾಡನ್ನು ಯಾರೂ ಎಣಿಸುವುದಿಲ್ಲ. ಒಂದು ಬಸಿರಿನ ನಿತ್ರಾಣ ಕಳೆಯುವ ಮೊದಲೇ ಇನ್ನೊಂದು ಬಸಿರು, ಮೊಲೆಯಲ್ಲಿ ಮರಿ, ಹೊಟ್ಟೆಯಲ್ಲಿ ಮರಿ. ಇನ್ನೊಂದು ಅಪಾಯವೂ ಇದೆ. ಹೆರಿಗೆಯ ಕಾಲಕ್ಕೆ ಸಡಿಲಗೊಂಡು ದಾರಿ ಕೊಡಬೇಕಾದ ಸೊಂಟದ ಮುಂಭಾಗದ ಎಲುಬಿನ ಸಂಧಿ, ಆರೇಳು ತಿಂಗಳ ವಯಸ್ಸಿನೊಳಗೆ ಒಮ್ಮೆಯೂ ಹೆರದ ಹೆಣ್ಣಿನಲ್ಲಿ ಬಿಗಿದುಕೊಳ್ಳತೊಡಗುತ್ತದೆ. ಅನಂತರ ಮೊದಲ ಬಾರಿಗೆ ಗಬ್ಬವಾದರೆ ಮರಿ ಹೊರಗೆ ಬರಲಾರದು. ಶಸ್ತ್ರಚಿಕಿತ್ಸೆ ದೊರೆಯದಿದ್ದರೆ ತಾಯಿ ಮರಿಗಳೆರಡೂ ಇಲ್ಲ. ಹಾಗೆಂದು ಬೇಗನೆ ಹೆರಿಸಬೇಕೆಂದು ಯಾರೂ ಅರ್ಥ ಮಾಡಿಕೊಳ್ಳಬಾರದು. ಮಗುವಿಗೆ ಹುಟ್ಟಿನ ಸೋಜಿಗವನ್ನು ತೋರಿಸೋಣವೆಂದು ದೊಡ್ಡ ಹೆಣ್ಣಿಗೆ ಗಂಡನ್ನು ಜೊತೆಗೂಡಿಸುವವರಿದ್ದಾರಲ್ಲ, ಅವರಿಗಾಗಿ ಈ ಮಾತು.

ಕಳೆದ ಬೇಸಿಗೆಯಲ್ಲಿ ನಮ್ಮ ಮಠದ ದಾಸೋಹ ಮನೆಯ ಜಗಲಿಯ ಮೇಲೆ ಯಾರೋ ಒಂದು ರಟ್ಟಿನ ಪೆಟ್ಟಿಗೆಯನ್ನಿಟ್ಟು ಹೋಗಿದ್ದರು. ಒಳಗೆ ಹನ್ನೊಂದು ಗಿನಿಪಿಗ್‌ಗಳು, ಒಣಗಿದ ಕೋಸಿನೆಲೆ, ಒಂದು ಚೀಟಿ. ಸಾಕಲು ಆಗುತ್ತಿಲ್ಲ, ಅಪ್ಪಗಳ ಸನ್ನಿಧಿಯಲ್ಲಿ ಬದುಕಿಕೊಳ್ಳಲಿ ಎಂದು ಚೀಟಿಯಲ್ಲಿ ಬರೆದಿತ್ತು. ಅಕ್ಷರ ದುಂಡಗಿತ್ತು, ಬಹುಶಃ ಶಾಲೆಗೆ ಹೋಗುವ ಮಗುವಿನದು. ಗಿನಿಪಿಗ್‌ಗೆ 26–27 ಡಿಗ್ರಿಗಿಂತ ಹೆಚ್ಚಿನ ಸೆಖೆ ತಡೆಯುವುದಿಲ್ಲ. ನಮ್ಮ ಸೀಮೆಯ ಬೇಸಿಗೆಯಂತೂ 40 ಡಿಗ್ರಿಯನ್ನು ಲೀಲಾಜಾಲವಾಗಿ ದಾಟುತ್ತದೆ. ಮಧ್ಯಾಹ್ನದ ಪ್ರಸಾದದ ಹೊತ್ತಿಗೆ ಪೆಟ್ಟಿಗೆ ನಮ್ಮ ಕಣ್ಣಿಗೆ ಬಿತ್ತು. ಅಷ್ಟರಲ್ಲಿ ಎರಡು ತೀರಿಕೊಂಡಿದ್ದವು. ಉಳಿದ ಒಂಬತ್ತನ್ನು ಒಳಗಿನ ತಂಪು ಕೋಣೆಗೆ ಒಯ್ದೆವು. ಬಂದ ಪಶುವೈದ್ಯರು ಔಷಧಕ್ಕೂ ಮೊದಲು ಮಾಡಿದ ಕೆಲಸವೆಂದರೆ ಒಂದೊಂದನ್ನೂ ಎತ್ತಿ ನೋಡಿ ಗಂಡು ಹೆಣ್ಣುಗಳನ್ನು ಎರಡು ಪಂಜರಗಳಿಗೆ ವಿಂಗಡಿಸಿದ್ದು. ಹೆಣ್ಣು ಐದು, ಐದೂ ಗಬ್ಬವೆಂದೇ ತಿಳಿದು ನೋಡಿಕೊಳ್ಳಿ ಎಂದರು. ನಾಲ್ಕು ಮರಿ ಹಾಕಿದವು. ಐದನೆಯದು, ಎಲ್ಲಕ್ಕಿಂತ ದೊಡ್ಡದು, ಒಂದು ರಾತ್ರಿಯೆಲ್ಲ ನರಳಿ ಬೆಳಗಿನ ಜಾವಕ್ಕೆ ಮರಿಯನ್ನು ಹೊಟ್ಟೆಯಲ್ಲಿಟ್ಟುಕೊಂಡೇ ಲಿಂಗೈಕ್ಯವಾಯಿತು. ಪ್ರಾಣಿಗೆ ಈ ಶಬ್ದವನ್ನು ಬಳಸಬಹುದೇ ಎಂದು ಹಿರಿಯರೊಬ್ಬರು ಆಕ್ಷೇಪಿಸಿದರು. ಆ ರಾತ್ರಿ ಅದರ ಬಳಿ ಕುಳಿತಿದ್ದವರು ಆಕ್ಷೇಪಿಸಲಿಲ್ಲ.

ಬಿಟ್ಟು ಹೋದವರು ಇದನ್ನು ಓದಿದರೆ ನೊಂದುಕೊಳ್ಳಬಾರದು. ಅವರನ್ನು ದೂಷಿಸುವುದು ನನ್ನ ಉದ್ದೇಶವಲ್ಲ. ಆದರೆ ಮಿಕ್ಕದ್ದನ್ನು ಮಠದ ಬಾಗಿಲಿಗೆ ತಂದಿಡುವುದು ದಾಸೋಹವಲ್ಲ ಎಂದು ಹೇಳಲೇಬೇಕಾಗಿದೆ. ದಾಸೋಹದಲ್ಲಿ ಕೊಡುವವನು ತಾನೂ ಎದುರು ನಿಂತಿರುತ್ತಾನೆ. ಹಗಲಿನಲ್ಲಿ ಬಂದು ಹೀಗಾಗಿದೆ ಎಂದು ಹೇಳಿದ್ದರೆ ಆ ಎರಡು ಜೀವಗಳಾದರೂ ಉಳಿಯುತ್ತಿದ್ದವು. ಇನ್ನು ಕೆಲವರು ಹೊಲದಲ್ಲಿಯೋ ಕೆರೆಯ ದಂಡೆಯಲ್ಲಿಯೋ ಬಿಟ್ಟುಬಿಡುತ್ತಾರೆ, ಅದನ್ನು ಬಂಧನದಿಂದ ಬಿಡುಗಡೆಯೆಂದು ಕರೆಯುತ್ತಾರೆ. ಸಾವಿರಾರು ವರ್ಷ ಮನುಷ್ಯನ ಆಸರೆಯಲ್ಲಿ ಬಾಳಿದ ಆ ಜೀವಿಗೆ ನಮ್ಮ ಬಯಲಿನಲ್ಲಿ ಅಡಗುವ ಬಗೆ ತಿಳಿಯದು; ನಾಯಿ, ಬೆಕ್ಕು, ಮುಂಗುಸಿಗಳಿಗೆ ಅದು ಒಂದು ದಿನದ ಆಹಾರ. ಹಸಿವೆ ನೀರಡಿಕೆಗಳಿಗೆ ಗುರಿಯಾಗುವಂತೆ ಪ್ರಾಣಿಯನ್ನು ತೊರೆಯುವುದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯಂತೆ ಅಪರಾಧವೂ ಹೌದು. 2018ರಲ್ಲಿ ಬಂದ ಸಾಕುಪ್ರಾಣಿ ಅಂಗಡಿಗಳ ನಿಯಮಗಳಲ್ಲಿ ಗಿನಿಪಿಗ್‌ನ ಹೆಸರನ್ನೇ ಸ್ಪಷ್ಟವಾಗಿ ನಮೂದಿಸಲಾಗಿದೆ. ಅಂಥ ಅಂಗಡಿಗಳು ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಮಾಡಿಸಿಕೊಳ್ಳಬೇಕು. ನೋಂದಣಿ ಪತ್ರವನ್ನು ತೋರಿಸಿ ಎಂದು ಕೇಳುವ ಗ್ರಾಹಕರು ಎಷ್ಟು ಮಂದಿ?

ಸಂತಾನಶಕ್ತಿ ಹರಣದ ವಿಷಯ ಬಂದಾಗ ಮಠದಲ್ಲಿ ಸಣ್ಣ ಚರ್ಚೆಯೇ ನಡೆಯಿತು. ಶಿವನ ಸೃಷ್ಟಿಗೆ ಕತ್ತರಿ ಹಾಕುವುದು ಹಿಂಸೆಯಲ್ಲವೇ, ಹುಟ್ಟುವ ಜೀವವನ್ನು ತಡೆಯಲು ನಾವಾರು ಎಂದು ಭಕ್ತರೊಬ್ಬರು ಕೇಳಿದರು. ಪ್ರಶ್ನೆ ಹಗುರವಾದದ್ದಲ್ಲ. ನನ್ನ ಅಭಿಪ್ರಾಯ ಹೀಗಿದೆ. ಕಾಡಿನಲ್ಲಿದ್ದಿದ್ದರೆ ಆ ಮಾತನ್ನು ಒಪ್ಪಬಹುದಿತ್ತು. ಗಂಡು ಹೆಣ್ಣುಗಳನ್ನು ಎರಡು ಅಡಿಯ ಪಂಜರದಲ್ಲಿ ಕೂಡಿಹಾಕಿದ ಕ್ಷಣದಲ್ಲಿಯೇ ನಾವು ಶಿವನ ಸೃಷ್ಟಿಯಲ್ಲಿ ಕೈಯಾಡಿಸಿಯಾಗಿದೆ. ಹೆಣ್ಣಿಗೆ ಓಡಿಹೋಗಲು ಜಾಗವಿಲ್ಲ, ಬೇಡವೆನ್ನಲು ದಾರಿಯಿಲ್ಲ. ಆ ಮೇಲೆ ಹುಟ್ಟುವ ಮರಿಗಳಿಗೆ ಶಿವನನ್ನು ಹೊಣೆ ಮಾಡುವುದು ಜಾಣತನದ ಭಕ್ತಿ. ಹೋರಿಯ ಬೀಜ ಒಡೆಸಿ ಎತ್ತು ಮಾಡಿಕೊಂಡ ನಮ್ಮ ಒಕ್ಕಲು ಮನೆತನಗಳಲ್ಲಿ ಯಾರೂ ಅದನ್ನು ಅಧರ್ಮವೆನ್ನಲಿಲ್ಲ. ನಮ್ಮ ಉಪಯೋಗಕ್ಕೆ ಸಲ್ಲುವುದು ಅದರದೇ ಹಿತಕ್ಕೆ ಏಕೆ ಸಲ್ಲಬಾರದು? ಆದರೂ ಇಷ್ಟು ಚಿಕ್ಕ ಪ್ರಾಣಿಗೆ ಅರಿವಳಿಕೆ ಕೊಡುವುದು ಅಪಾಯವಿಲ್ಲದ ಕೆಲಸವಲ್ಲ. ಆದ್ದರಿಂದ ಬೇರ್ಪಡಿಸಿ ಸಾಕುವುದೇ ಮೊದಲ ದಾರಿ. ಹೆಣ್ಣುಗಳ ಜೊತೆ ಇರಿಸಲೇಬೇಕಾದ ಗಂಡಿಗೆ, ಇಂಥ ಪ್ರಾಣಿಗಳ ಚಿಕಿತ್ಸೆಯಲ್ಲಿ ಅನುಭವವುಳ್ಳ ವೈದ್ಯರಿಂದ ಶಸ್ತ್ರಚಿಕಿತ್ಸೆ. ಅದಾದ ಮೇಲೆಯೂ ನಾಲ್ಕಾರು ವಾರ ಅದನ್ನು ದೂರವೇ ಇಡಬೇಕು. ಅಲ್ಲಿಯವರೆಗೆ ಅದರಿಂದ ಗರ್ಭ ನಿಲ್ಲುವ ಸಂಭವವಿರುತ್ತದೆ.

ರಕ್ಷಿಸುವವರಿಗೂ ಒಂದು ಮಾತು. ನಮ್ಮಲ್ಲಿ ಮರಿಗಳಾದ ಸುದ್ದಿ ಹರಡಿದಾಗ ಕರುಣಾಳುಗಳಾದ ತಾಯಿಯೊಬ್ಬರು ಬಂದು ಎಲ್ಲವನ್ನೂ ನಮಗೇ ಕೊಡಿ, ನಮ್ಮ ಮಾಳಿಗೆಯ ಮೇಲೆ ಜಾಗವಿದೆ ಎಂದರು. ಆಗ ನನಗೆ ಆಯ್ದಕ್ಕಿ ಲಕ್ಕಮ್ಮನವರ ನೆನಪಾಯಿತು. ಮಾರಯ್ಯನವರು ಎಂದಿಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದ ದಿನ, ಅದನ್ನು ಹಿಂದಕ್ಕೆ ಸುರಿದು ಬನ್ನಿರೆಂದು ಹೇಳಿದ ತಾಯಿ ಅವರು. ಆ ಪ್ರಸಂಗವನ್ನು ನಾವು ಧನದ ಆಸೆಗೆ ಮಾತ್ರ ಅನ್ವಯಿಸುತ್ತೇವೆ. ಪುಣ್ಯದ ಆಸೆಗೂ ಅದು ಅನ್ವಯಿಸುತ್ತದೆ ಎಂದು ನನ್ನ ಭಾವನೆ. ತನ್ನಿಂದ ನೋಡಿಕೊಳ್ಳಲು ಆಗುವುದಕ್ಕಿಂತ ಹೆಚ್ಚು ಜೀವಗಳನ್ನು ಆಯ್ದು ತರುವ ಕರುಣೆ, ಮಾರಯ್ಯನವರ ಆ ದಿನದ ಅಕ್ಕಿಯಂಥದೇ. ಗಿನಿಪಿಗ್ ಐದರಿಂದ ಎಂಟು ವರ್ಷ ಬದುಕುವ ಜೀವಿ. ನಿರಂತರ ಬೆಳೆಯುವ ಹಲ್ಲು ಸವೆಯಲು ಸದಾ ಒಣಹುಲ್ಲು ಬೇಕು. ಮನುಷ್ಯನಂತೆ ಅದೂ ಸಿ ಜೀವಸತ್ವವನ್ನು ತನ್ನ ದೇಹದಲ್ಲಿ ತಯಾರಿಸಿಕೊಳ್ಳಲಾರದು. ದೊಣ್ಣೆ ಮೆಣಸಿನಕಾಯಿಯಂಥ ಹಸಿ ತರಕಾರಿಯಿಂದ ನಿತ್ಯ ಒದಗಿಸಬೇಕು, ತಪ್ಪಿದರೆ ಒಸಡು ಕೀಲುಗಳು ಕೆಡುವ ಸ್ಕರ್ವಿ ರೋಗ. ಮನೆಯಲ್ಲಿ ಉಳಿದ ಮಾತ್ರೆಯನ್ನು ಪುಡಿ ಮಾಡಿ ಕುಡಿಸುವ ಅಭ್ಯಾಸವೂ ಬೇಡ. ಪೆನಿಸಿಲಿನ್ ಜಾತಿಯ ಔಷಧ ಬಾಯಿಯ ಮೂಲಕ ಹೋದರೆ ಅದಕ್ಕೆ ಪ್ರಾಣಾಂತಕ. ಇಷ್ಟನ್ನು ಇಪ್ಪತ್ತು ಜೀವಗಳಿಗೆ ಮಾಡಬಲ್ಲ ಮನೆ ಎಷ್ಟಿವೆ? ಆ ತಾಯಿಗೆ ಎರಡು ಹೆಣ್ಣುಗಳನ್ನು ಮಾತ್ರ ಕೊಟ್ಟೆವು. ಮೊದಲು ಬೇಸರಪಟ್ಟರು, ಈಗ ಪ್ರತಿ ಸೋಮವಾರ ಬಂದಾಗ ಅವುಗಳ ತೂಕವನ್ನು ಬರೆದ ಚೀಟಿಯನ್ನು ತೋರಿಸುತ್ತಾರೆ.

ಮಠದಲ್ಲಿ ಈಗ ಮೂರು ಗಂಡುಗಳು ಮಾತ್ರ ಉಳಿದಿವೆ. ಸಾಕುವ ಇಚ್ಛೆಯುಳ್ಳವರು ಅಂಗಡಿಗೆ ಹೋಗದೆ ಮೊದಲು ಇಲ್ಲಿಗೆ ಬಂದು ವಿಚಾರಿಸಬಹುದು. ಮನೆಯಲ್ಲಿ ಈಗಾಗಲೇ ಸಾಕಿರುವವರು, ಎರಡೂ ಹೆಣ್ಣೆಂದು ಖಚಿತವಾಗಿ ನಂಬಿರುವವರು ಸಹ, ಈ ವಾರವೇ ಒಮ್ಮೆ ಸಮೀಪದ ಪಶು ಆಸ್ಪತ್ರೆಯಲ್ಲಿ ತೋರಿಸಿಕೊಂಡು ಬನ್ನಿ. ಅಮಾವಾಸ್ಯೆಯ ಶಿವಾನುಭವ ಗೋಷ್ಠಿಯ ದಿನ ಪಶುವೈದ್ಯರು ಮಠಕ್ಕೆ ಬರುವವರಿದ್ದಾರೆ. ದೂರದ ಹಳ್ಳಿಗಳವರು ಅಂದು ತಂದರೂ ಆದೀತು. ಗಾಳಿಯಾಡುವ ಬುಟ್ಟಿಯಲ್ಲಿ, ಬೆಳಗಿನ ತಂಪಿನಲ್ಲಿ ತನ್ನಿ.