ನೀವು ಸುಮ್ಮನೆ ಕೂತಿರಿ

"ನೀವು ಸುಮ್ನೆ ಕೂತಿರಿ ಅತ್ತೆ, ನಾನು ಮಾಡ್ತೀನಿ." ಪ್ರೀತಿಯ ಮಾತೇ, ಅನುಮಾನವಿಲ್ಲ. ಹಾಗೆ ಕೂತ ಅತ್ತೆ ವರ್ಷದೊಳಗೆ ನೆಲದಿಂದೇಳಲು ಗೋಡೆ ತಡವತೊಡಗಿದಾಗ ಮಾತ್ರ ನಾವು ವಯಸ್ಸನ್ನು ದೂರುತ್ತೇವೆ.

ಮುಪ್ಪು ಬೇರೆ, ನಿತ್ರಾಣ ಬೇರೆ. ಎಂಬತ್ತರಲ್ಲಿ ತೋಟ ಸುತ್ತುವವರಿದ್ದಾರೆ, ಅರವತ್ತೈದಕ್ಕೇ ಮೆಟ್ಟಿಲು ಕಂಡು ಹೆದರುವವರಿದ್ದಾರೆ. ಅಮೆರಿಕದ ವೈದ್ಯೆ ಲಿಂಡಾ ಫ್ರೀಡ್ ಮತ್ತು ಸಂಗಡಿಗರು 2001ರಲ್ಲಿ ನಿತ್ರಾಣಕ್ಕೆ ಐದು ಗುರುತು ಹೇಳಿದರು: ತಾನಾಗಿ ಇಳಿಯುವ ತೂಕ, ಬಿಡದ ಸುಸ್ತು, ಸಡಿಲ ಹಿಡಿತ, ನಿಧಾನದ ನಡಿಗೆ, ಕುಗ್ಗಿದ ಓಡಾಟ. ಮೂರಿದ್ದರೆ ನಿತ್ರಾಣ, ಒಂದೆರಡಿದ್ದರೆ ಹೊಸ್ತಿಲಲ್ಲಿದ್ದಾರೆ ಎಂದರ್ಥ.

ಹೊಸ್ತಿಲಿಂದ ಹಿಂದಕ್ಕೆ ಬರಬಹುದೆ? 1990ರಲ್ಲಿ ಬಾಸ್ಟನ್ನಿನಲ್ಲಿ ವೈದ್ಯೆ ಮರಿಯಾ ಫಿಯಾಟರೋನ್ ತೊಂಬತ್ತರ ಆಸುಪಾಸಿನ ಹತ್ತು ಮಂದಿಯಿಂದ ಎಂಟು ವಾರ ಕಾಲಿನ ಭಾರ ಎತ್ತಿಸಿದರು. ಇಬ್ಬರು ಊರುಗೋಲನ್ನೇ ಬಿಟ್ಟರು. ಹತ್ತು ಜನರಿಂದ ಏನು ಸಾಬೀತಾಗುತ್ತದೆ ಎನ್ನಬಹುದು. 1994ರಲ್ಲಿ ಅವರೇ ನೂರು ಮಂದಿಯಲ್ಲಿ ನೋಡಿದರು: ವ್ಯಾಯಾಮ ಮಾಡಿದವರು ಬಲಗೊಂಡರು, ಬರೀ ಪೌಷ್ಟಿಕ ಪೇಯ ಕುಡಿದವರು ಇದ್ದಲ್ಲೇ ಇದ್ದರು. ಡಬ್ಬಿ ಪುಡಿ ತಂದುಕೊಟ್ಟು ಕರ್ತವ್ಯ ಮುಗಿಯಿತೆಂದುಕೊಳ್ಳುವ ಮಕ್ಕಳು ಇದನ್ನು ಗಮನಿಸಬೇಕು.

ಹಾಗೆಂದು ಊಟ ಮುಖ್ಯವಲ್ಲ ಎಂದಲ್ಲ. ವಯಸ್ಸಾದವರಿಗೆ ದಿನಕ್ಕೆ ದೇಹದ ತೂಕದ ಕಿಲೋಗೆ ಒಂದು ಗ್ರಾಂಗೂ ತುಸು ಹೆಚ್ಚು ಪ್ರೋಟೀನ್ ಬೇಕೆಂದು ತಜ್ಞರು ಹೇಳುತ್ತಾರೆ. "ಹಲ್ಲಿಲ್ಲ, ಅರಗಲ್ಲ" ಎಂದು ನಾವು ಬಡಿಸುವ ಗಂಜಿ, ತಿಳಿಸಾರು ಅದರ ಹತ್ತಿರಕ್ಕೂ ಬರುವುದಿಲ್ಲ. ಮೆತ್ತಗೆ ಬೆಂದ ಹೆಸರುಬೇಳೆ, ಗಟ್ಟಿ ಮೊಸರು, ತಿನ್ನುವವರಿಗೆ ಮೊಟ್ಟೆ: ಇವಕ್ಕೆ ಹಲ್ಲೇನೂ ಬೇಡ. ಮೂತ್ರಪಿಂಡದ ತೊಂದರೆ ಇದ್ದರೆ ಮಾತ್ರ ವೈದ್ಯರನ್ನು ಕೇಳಿ.

"ಬಿದ್ದು ಸೊಂಟ ಮುರಿದರೆ?" ನ್ಯಾಯವಾದ ಭಯ. ಆದರೆ ಸೋತ ತೊಡೆಯೇ ಬೀಳಿಸುವುದು. ಜೊತೆಗೆ ಒದ್ದೆ ಬಚ್ಚಲು, ಜಾರುವ ಚಾಪೆ, ಎಂದೋ ಶುರುಮಾಡಿ ಇಂದಿಗೂ ನುಂಗುತ್ತಿರುವ ನಿದ್ದೆಮಾತ್ರೆ. ತೆಗೆಯಬೇಕಾದ್ದು ಇವನ್ನು, ಓಡಾಟವನ್ನಲ್ಲ. ಮಾತ್ರೆಯನ್ನಂತೂ ವೈದ್ಯರನ್ನು ಕೇಳಿಯೇ ನಿಲ್ಲಿಸಬೇಕು.

ಒಂದು ಎಚ್ಚರ: ಐವತ್ತು ವರ್ಷ ಒಲೆ ಮುಂದೆ ಬೆಂದವಳನ್ನು ಆರೋಗ್ಯದ ನೆಪದಲ್ಲಿ ಮತ್ತೆ ಅಲ್ಲೇ ನಿಲ್ಲಿಸಬೇಡಿ. ಅವಳ ವಿಶ್ರಾಂತಿ ಅವಳ ಗಳಿಕೆ. ಯಜಮಾನರ ಕಥೆ ಬೇರೆ, ಅವರು ಯಾರೂ ಹೇಳದೆಯೇ ಕೂತವರು! ಇಬ್ಬರಿಗೂ ಒಂದೇ ಕುರ್ಚಿ ಸಾಕು. ಗೋಡೆಗೆ ಒತ್ತಿಟ್ಟು, ಕೈಯೂರದೆ ಎದ್ದು ಕೂರುವುದು, ಸಾಧ್ಯವಾದಷ್ಟು ಸಲ. ಮೊದಲ ವಾರ ನಾಲ್ಕಕ್ಕೇ ಏದುಸಿರು ಬರಬಹುದು. ಪಕ್ಕದಲ್ಲಿ ನಿಂತಿರಿ, ಅವರು ಕೇಳುವವರೆಗೆ ಕೈ ಕೊಡದೆ.