ಹಳದಿ-ನೀಲಿ ಕಪ್‌ಕೇಕು, ಅರಿಶಿನ ಮತ್ತು ಶಂಖಪುಷ್ಪ

ಸೆಪ್ಟೆಂಬರ್ ಕಾಲಿಟ್ಟ ಕೂಡಲೇ ಅಮೆರಿಕದಲ್ಲಿ ಒಂಥರಾ ಜಾತ್ರೆ ಶುರುವಾಗುತ್ತೆ, ಇಲ್ಲಿರೋ ನಮ್ಮವರಿಗೆ ಇದನ್ನ ಬಿಡಿಸಿ ಹೇಳಬೇಕಿಲ್ಲ. ಶನಿವಾರ ಕಾಲೇಜು ಫುಟ್‌ಬಾಲ್, ಭಾನುವಾರ ಎನ್‌ಎಫ್‌ಎಲ್. ಕಾಲಿಗಿಂತ ಕೈಯಲ್ಲೇ ಹೆಚ್ಚು ಆಡೋ ಈ ಫುಟ್‌ಬಾಲಿನ ತಲೆಬುಡ ಗೊತ್ತಿರಲಿ ಬಿಡಲಿ, ಪಕ್ಕದ ಮನೆಯವರು ಕರೆದೇ ಕರೀತಾರೆ. ಬರಿಗೈಲಿ ಹೋಗೋಕಾಗುತ್ತಾ? ಆಗ ನಮ್ಮಲ್ಲಿ ಎರಡು ಪಕ್ಷ. “ನಮಗ್ಯಾಕೆ ಇವರ ಆಟ, ಒಂದು ಪ್ಯಾಕೆಟ್ ಚಿಪ್ಸ್ ಕೊಟ್ಟು ಬಂದ್ರಾಯ್ತು” ಅನ್ನೋರದ್ದು ಒಂದು. ತಂಡದ ಬಣ್ಣದ ಕಪ್‌ಕೇಕು ಮಾಡ್ಕೊಂಡು ಹೋಗೋರದ್ದು ಇನ್ನೊಂದು. ನಾನು ಎರಡನೇ ಪಕ್ಷ. ಆದ್ರೆ ನಮ್ಮ ಪಕ್ಷದವರ ಜೊತೆಗೇ ನನ್ನದೊಂದು ಜಗಳ ಇದೆ, ಬಣ್ಣದ ವಿಷಯದಲ್ಲಿ.

ಮೊದಲು, ಕಪ್‌ಕೇಕೇ ಯಾಕೆ ಅಂದ್ರೆ, ಆಟ ನೋಡೋ ಜನ ತಟ್ಟೆ ಚಮಚ ಹಿಡ್ಕೊಂಡು ಕೂರೋದಿಲ್ಲ. ಹದಿನೈದು ನಿಮಿಷದ ನಾಲ್ಕು ಕ್ವಾರ್ಟರ್ ಅನ್ನೋದು ಹೆಸರಿಗೆ, ಮುಗಿಯೋಕೆ ಮೂರೂವರೆ ಗಂಟೆ ಬೇಕು. ಅಷ್ಟು ಹೊತ್ತೂ ಎದ್ದು ಕೂಗ್ತಾ, ಕೂತು ಗೊಣಗ್ತಾ ಇರೋರಿಗೆ ಒಂದೇ ಕೈಯಲ್ಲಿ ತಿನ್ನೋ ತಿಂಡಿ ಆಗ್ಬೇಕು. ಪುಟ್ಟ ಬಟ್ಟಲುಗಳಲ್ಲಿ ಕೇಕ್ ಬೇಯಿಸೋ ವಿಧಾನ 1796ರ ಅಮೇಲಿಯಾ ಸಿಮನ್ಸ್ ಅವರ ಅಡುಗೆ ಪುಸ್ತಕದಲ್ಲೇ ಇದೆ. ನಮ್ಮ ಲೆಕ್ಕದಲ್ಲಿ ಇಡ್ಲಿ ತಟ್ಟೆಯ ಬುದ್ಧಿ :-)

ಮಿಶಿಗನ್ನಿನ ಆನ್ ಆರ್ಬರ್ ಊರನ್ನೇ ತಗೊಳ್ಳಿ. ಅಲ್ಲಿನ ವಿಶ್ವವಿದ್ಯಾಲಯದ ಮೈದಾನವನ್ನ ಜನ ಕರೆಯೋದೇ ‘ಬಿಗ್ ಹೌಸ್’ ಅಂತ. 1927ರಲ್ಲಿ ತೆರೆದದ್ದು, ಈಗ 1,07,601 ಜನ ಕೂರಬಹುದು. ಆಟದ ದಿನ ಎದುರಿಗಿರೋ ಪಯೋನಿಯರ್ ಹೈಸ್ಕೂಲಿನ ಬಯಲಲ್ಲಿ ಬೆಳಗ್ಗೆಯೇ ಕಾರಿನ ಡಿಕ್ಕಿ ತೆಗೆದು, ಗ್ರಿಲ್ ಹಚ್ಚಿ, ಮಡಚೋ ಕುರ್ಚಿ ಹಾಕ್ಕೊಂಡು ಕೂತಿರ್ತಾರೆ. ತಂಡದ ಬಣ್ಣ ಹಳದಿ-ನೀಲಿ, 1867ರಲ್ಲಿ ವಿದ್ಯಾರ್ಥಿಗಳೇ ಆರಿಸಿಕೊಂಡದ್ದು. ಸರಿಯಾಗಿ ಹೇಳಬೇಕಂದ್ರೆ ಮೆಕ್ಕೆಜೋಳದ ಹಳದಿ ಮತ್ತು ಆಕಾಶದ ನೀಲಿ. ಈ ‘ಆಕಾಶ’ ಆಮೇಲೆ ನನ್ನ ವಾದಕ್ಕೆ ಬೇಕಾಗುತ್ತೆ, ನೆನಪಿಟ್ಕೊಳ್ಳಿ.

ಈಗ ಜಗಳಕ್ಕೆ ಬರ್ತೀನಿ. ಅಂಗಡೀಲಿ ಜೆಲ್ ಬಣ್ಣದ ಪುಟ್ಟ ಬಾಟಲಿಗಳು ಸಿಗುತ್ವೆ. ಬೆಣ್ಣೆ-ಸಕ್ಕರೆಯ ಫ್ರಾಸ್ಟಿಂಗಿಗೆ ಎರಡು ಹನಿ ಹಾಕಿದ್ರೆ ತಿಳಿಬಣ್ಣ ಬರುತ್ತೆ. ಆಟಗಾರರ ಜೆರ್ಸಿಯ ಗಾಢ ನೀಲಿ ಬೇಕಂದ್ರೆ ಹಿಂಡ್ತಾನೇ ಇರಬೇಕು. ಕೆಂಪಂತೂ ಕೇಳಲೇಬೇಡಿ, ಕಡು ಕೆಂಪಾಗೋ ಹೊತ್ತಿಗೆ ಕಹಿಯಾಗಿರುತ್ತೆ. ತಿಂದ ಮಕ್ಕಳ ನಾಲಿಗೆ ಹಲ್ಲು ಎಲ್ಲ ನೀಲಿ. ಸುತ್ತ ಇದ್ದೋರು ನಗ್ತಾ ಫೋಟೋ ತೆಗೀತಾರೆ.

2024ರ ಮಾರ್ಚಿನಲ್ಲಿ ಕರ್ನಾಟಕ ಸರ್ಕಾರ ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕೋದನ್ನ, ಬಣ್ಣದ ಬಾಂಬೆ ಮಿಠಾಯಿಯನ್ನ ನಿಷೇಧಿಸಿದಾಗ “ಸರಿಯಾಗಿ ಮಾಡಿದ್ರು” ಅಂದದ್ದೂ ಇದೇ ನಾವು. ಅದೇ ವರ್ಷ ಅಕ್ಟೋಬರಲ್ಲಿ ಬೆಂಗಳೂರಿನ ಬೇಕರಿಗಳಿಂದ ತೆಗೆದ 235 ಕೇಕ್ ಮಾದರಿಗಳಲ್ಲಿ 12 ಅಸುರಕ್ಷಿತ ಅಂತ ಸುದ್ದಿ ಬಂದಾಗ ಊರಿಗೆ ಫೋನ್ ಮಾಡಿ “ರೆಡ್ ವೆಲ್ವೆಟ್ ಮುಟ್ಬೇಡಿ” ಅಂದದ್ದೂ ನಾವೇ. ಇಲ್ಲಿ ನಮ್ಮದೇ ಅಡುಗೆಮನೇಲಿ ಬಾಟಲಿ ಹಿಂಡೋವಾಗ ಆ ಎಚ್ಚರ ಎಲ್ಲಿ ಹೋಗುತ್ತೆ ಮಾರಾಯ್ರೇ?

ಎಲ್ಲವನ್ನೂ ಒಂದೇ ತಕ್ಕಡೀಲಿ ತೂಗೋದು ಸರಿಯಲ್ಲ, ಒಪ್ತೀನಿ. ಬಾಂಬೆ ಮಿಠಾಯೀಲಿ ಸಿಕ್ಕ ರೋಡಮಿನ್-ಬಿ ಬಟ್ಟೆಗೆ ಹಾಕೋ ಬಣ್ಣ. ಇಲ್ಲಿನ ಬಾಟಲಿಯ ರೆಡ್ 40 ತಿನ್ನೋದಕ್ಕೆ ಎರಡೂ ದೇಶದಲ್ಲಿ ಒಪ್ಪಿಗೆ ಇರೋದೇ. ಬೆಂಗಳೂರಿನ ಸುದ್ದೀಲಿ ಓದಿದ ‘ಅಲ್ಲೂರ ರೆಡ್’ ಅದರದೇ ಇನ್ನೊಂದು ಹೆಸರು. ಆದ್ರೆ ಭಾರತದಲ್ಲಿ ಇಂಥ ಬಣ್ಣಕ್ಕೆ ಸಾಮಾನ್ಯವಾಗಿ ದಶಲಕ್ಷಕ್ಕೆ 100 ಭಾಗ ಅನ್ನೋ ಮಿತಿ ಇದೆ. ಮನೇಲಿ ಜೆಲ್ ಹಿಂಡೋರಿಗೆ ಯಾವ ಮಿತಿ? 2007ರಲ್ಲಿ ಸೌತಾಂಪ್ಟನ್ ವಿಶ್ವವಿದ್ಯಾಲಯದವರು ಕೆಲವು ಬಣ್ಣ ಮತ್ತು ಸೋಡಿಯಂ ಬೆಂಜೊಯೇಟಿನ ಮಿಶ್ರಣ ಕುಡಿದ ಮಕ್ಕಳಲ್ಲಿ ಚಡಪಡಿಕೆ ಹೆಚ್ಚಿದ್ದನ್ನ ಪ್ರಕಟಿಸಿದ ಮೇಲೆ, ಯುರೋಪಿನಲ್ಲಿ 2010ರಿಂದ ಅಂಥ ಆರು ಬಣ್ಣಗಳಿಗೆ ಎಚ್ಚರಿಕೆ ಚೀಟಿ ಕಡ್ಡಾಯ ಆಯ್ತು. ರೆಡ್ 40 ಅದರಲ್ಲೊಂದು. ಅಮೆರಿಕದ ಎಫ್‌ಡಿಎ 2025ರ ಜನವರೀಲಿ ರೆಡ್ 3ಕ್ಕೆ ಕೊಟ್ಟಿದ್ದ ಅನುಮತಿಯನ್ನ ಹಿಂದಕ್ಕೆ ತಗೊಂಡಿತು. ಒಂದು ಕಪ್‌ಕೇಕಿನಿಂದ ಯಾರಿಗೂ ಏನೂ ಆಗಲ್ಲ ಅನ್ನಬಹುದು. ಆದ್ರೆ ಸೆಪ್ಟೆಂಬರಿನಿಂದ ನವೆಂಬರ್ ತನಕ ವಾರವಾರ ಆಟ, ನಡುವೆ ಹ್ಯಾಲೋವೀನ್.. ಒಂದಕ್ಕೆ ನಿಲ್ಲೋದು ಯಾರ ಮನೇಲಿ?

ನಮ್ಮ ಡಬ್ಬಿಗಳಲ್ಲಿ ಏನಿದೆ ನೋಡಿ. ಹಳದಿಗೆ ಅರಿಶಿನ. ಒಂದು ಚಮಚ ಬೆಚ್ಚಗಿನ ಬೆಣ್ಣೇಲಿ ಕಾಲು ಟೀ ಚಮಚ ಅರಿಶಿನ ಕದಡಿ, ಆರಿಸಿ, ಫ್ರಾಸ್ಟಿಂಗಿಗೆ ಸೇರಿಸಿದ್ರೆ ಮೆಕ್ಕೆಜೋಳದ ಬಣ್ಣವೇ ಬರುತ್ತೆ. ಅರಿಶಿನದ ಬಣ್ಣ ಕರಗೋದು ಜಿಡ್ಡಿನಲ್ಲಿ, ಹಾಗಾಗಿ ಬೆಣ್ಣೆ ಅದಕ್ಕೆ ಸರಿಯಾದ ಜಾಗ. ಚೂರು ಏಲಕ್ಕಿ ಹಾಕಿದ್ರೆ ವಾಸನೆಯ ಚಿಂತೆಯೂ ಇಲ್ಲ. ಹಿಟ್ಟಿಗೆ ಹಾಕೋದಾದ್ರೆ ಅಡುಗೆ ಸೋಡಾ ಮೇಲೆ ಕಣ್ಣಿರಲಿ. ಆರತಿಯ ಓಕುಳಿ ನೀರಿಗೆ ಸುಣ್ಣ ಬಿದ್ದ ಕೂಡಲೇ ಅರಿಶಿನ ಕೆಂಪಾಗುತ್ತಲ್ಲ, ಸೋಡಾ ಜಾಸ್ತಿಯಾದ್ರೆ ಕೇಕಿನಲ್ಲೂ ಅದೇ ಕಥೆ, ಅಲ್ಲಲ್ಲಿ ಕಂದುಗೆಂಪು ಕಲೆ. ಮೊಟ್ಟೆ ಹಾಕದೆ ಮೊಸರಲ್ಲಿ ಕಲಸೋ ನಮ್ಮಂಥೋರಿಗೆ ಮೊಸರಿನ ಹುಳಿ ಸೋಡಾವನ್ನ ಹದಕ್ಕೆ ತರುತ್ತೆ.

ನೀಲಿಗೆ ಶಂಖಪುಷ್ಪ. ಬೇಲಿ ಮೇಲೆ ಹಬ್ಬಿ ದೇವರ ತಲೆ ಸೇರ್ತಿದ್ದ ಅದೇ ಹೂವು! ಇಲ್ಲಿ ಒಣಗಿಸಿದ ಹೂವು ಟೀ ಅಂತ ಮಾರ್ತಾರೆ. ಅದರ ಸಾರವನ್ನ ಆಹಾರದ ಬಣ್ಣವಾಗಿ ಎಫ್‌ಡಿಎ 2021ರಲ್ಲಿ ಒಪ್ಪಿ, 2025ರಲ್ಲಿ ಇನ್ನಷ್ಟು ತಿಂಡಿಗಳಿಗೆ ವಿಸ್ತರಿಸಿತು. ಸ್ವಲ್ಪ ಬಿಸಿ ಹಾಲಲ್ಲಿ ನೆನೆಸಿ, ಸೋಸಿ, ತಣಿಸಿ, ಬಿಳಿ ಕ್ರೀಮಿಗೆ ಸೇರಿಸಿ. ಬೆಣ್ಣೆಯ ಹಳದಿ ನೀಲಿಯನ್ನ ಹಸಿರಿಗೆ ಎಳೆಯುತ್ತೆ, ನಿಂಬೆಹುಳಿ ಬಿದ್ದರೆ ನೇರಳೆ, ಕ್ರೀಮ್ ಚೀಸ್ ಹಾಕಿದ್ರೂ ಅಷ್ಟೇ. ಬರೋದು ತಿಳಿನೀಲಿ. “ಇದು ಜೆರ್ಸಿ ಬಣ್ಣ ಅಲ್ವಲ್ಲ” ಅಂತ ಯಾರಾದ್ರೂ ರಾಗ ಎಳೆದ್ರೆ 1867 ಅಂತ ಹೇಳಿ. ಹುಡುಗರು ಆರಿಸಿದ್ದು ಆಕಾಶದ ನೀಲಿ ತಾನೇ?

ಈ ಮಂದ ಬಣ್ಣವೇ ಈ ಕಾಲಕ್ಕೆ ಒಪ್ಪುತ್ತೆ ಅನ್ನೋದು ನನ್ನ ಅಭಿಪ್ರಾಯ. ಹತ್ತಿರದ ಡೆಕ್ಸ್‌ಟರ್ ಊರಲ್ಲಿ ಹ್ಯೂರನ್ ನದಿ ದಂಡೆಗೆ 1886ರ ಸೈಡರ್ ಮಿಲ್ ಇದೆ. ಸೇಬು ಹಿಂಡೋ ವಾಸನೆ, ಬಿಸಿ ಡೋನಟ್, ತಲೆ ಮೇಲೆ ಮೇಪಲ್ ಮರ. ಎಲೆಯ ಹಸಿರು ಇಳಿದಾಗ ಕಾಣೋ ಹಳದಿ ಬೇಸಿಗೆಯಿಂದಲೂ ಒಳಗೇ ಇದ್ದದ್ದು. ಮೇಪಲ್ಲಿನ ಕೆಂಪು ಮಾತ್ರ ಆ ಹೊತ್ತಿಗೆ ಹೊಸದಾಗಿ ತಯಾರಾಗೋದು, ಆಂಥೋಸಯನಿನ್ ಅಂತಾರೆ. ಶಂಖಪುಷ್ಪದ ನೀಲಿಯೂ ಅದೇ ಕುಲದ್ದು. ಅಂಥ ಮರದ ಕೆಳಗೆ ಕೂತು ಪ್ಲಾಸ್ಟಿಕ್ ಬಕೆಟ್ಟಿನ ಬಣ್ಣದ ಕೇಕು ತಿನ್ನೋದಕ್ಕೆ ನನಗಂತೂ ಮನಸ್ಸು ಬರಲ್ಲ.

ಎದುರಾಳಿ ಒಹಾಯೊ ಸ್ಟೇಟಿನವರ ಕಷ್ಟ ಮಾತ್ರ ದೊಡ್ಡದು. ಇಬ್ಬರೂ ಮೊದಲು ಆಡಿದ್ದು 1897ರಲ್ಲಿ, ಈಗ ನವೆಂಬರ್ ಕೊನೇಲಿ ಆ ಆಟ. ಅವರ ಬಣ್ಣ ಕಡುಗೆಂಪು ಮತ್ತು ಬೂದಿ. ಬೂದಿಗೆ ಕರಿ ಎಳ್ಳು ಅರೆದು ಹಾಕಬಹುದು, ರುಚಿಯೂ ಚೆನ್ನ. ಕೆಂಪಿಗೆ ಬೀಟ್‌ರೂಟ್ ಹಾಕಿದ್ರೆ ಒಲೆಯ ಬಿಸಿಗೆ ಕಂದಾಗುತ್ತೆ, ಫ್ರಾಸ್ಟಿಂಗಿನಲ್ಲಿ ಗುಲಾಬಿಗೇ ನಿಲ್ಲುತ್ತೆ.

ಈ ಕಷ್ಟ ನಮಗೂ ಇದೆ. ಅದೇ ನವೆಂಬರಲ್ಲಿ ರಾಜ್ಯೋತ್ಸವ, ಹಳದಿ-ಕೆಂಪು ಕಪ್‌ಕೇಕು ಮಾಡೋ ಕನ್ನಡ ಕೂಟಗಳಲ್ಲೂ ಅದೇ ಜೆಲ್ ಬಾಟಲಿ. ಅರಿಶಿನ-ಕುಂಕುಮದ ಬಾವುಟಕ್ಕೆ ಅರಿಶಿನವೇ ಇಲ್ಲದ ಕೇಕು! ಅರಿಶಿನದ ಫ್ರಾಸ್ಟಿಂಗ್ ಬಳಿದು, ಅರ್ಧಕ್ಕೆ ದಾಳಿಂಬೆ ಕಾಳು ಒತ್ತಾಗಿ ಜೋಡಿಸಿ ನೋಡಿ. ದಾಳಿಂಬೆ ಇಲ್ಲಿ ಸುಗ್ಗಿಯಾಗೋದೂ ಅದೇ ತಿಂಗಳುಗಳಲ್ಲಿ. ಕಾಳು ನೀರು ಬಿಡುತ್ತೆ, ಹಾಗಾಗಿ ಜೋಡಿಸೋದು ಹೊರಡೋ ಮುಂಚೆಯಷ್ಟೇ.