ಬುತ್ತಿ ಬಿಚ್ಚಲು ಜಾಗ ಎಲ್ಲಿದೆ?

ನನ್ನೂರು ಎಚ್.ಡಿ. ಕೋಟೆ ತಾಲ್ಲೂಕಿನ ಅಂತರಸಂತೆ. ಡಿಗ್ರಿ ಮುಗಿಸಿ, ಸ್ಪರ್ಧಾತ್ಮಕ ಪರೀಕ್ಷೆಗೆ ಓದಲು ದಿನಾ ಮೈಸೂರಿಗೆ ಹೋಗಿ ಬರುತ್ತೇನೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಬಸ್ ಚಾರ್ಜಿನ ಚಿಂತೆ ಇಲ್ಲ. ಉಳಿದಿರುವುದು ಮಧ್ಯಾಹ್ನದ ಊಟದ ಚಿಂತೆ. ದಿನಾ ಹೋಟೆಲಿಗೆ ಹೋಗುವುದು ಆಗುವ ಮಾತಲ್ಲ, ಅವ್ವ ಕಟ್ಟಿಕೊಡುವ ಬಾಕ್ಸೇ ಗತಿ. ಓದುವ ಕೊಠಡಿಯೊಳಗೆ ಬಾಕ್ಸ್ ತೆಗೆಯುವಂತಿಲ್ಲ. ಹಾಗಾಗಿ ನಾನು, ಹುಣಸೂರು ಮತ್ತು ಪಿರಿಯಾಪಟ್ಟಣದ ಇಬ್ಬರು ಗೆಳತಿಯರು ಹತ್ತಿರದ ಪಾರ್ಕೊಂದರಲ್ಲಿ ಮರದಡಿ ಕೂತು ಹಂಚಿಕೊಂಡು ತಿನ್ನುತ್ತಿದ್ದೆವು.

ಒಂದು ದಿನ ನನ್ನ ಬಾಕ್ಸ್‌ನಲ್ಲಿ ಒಣಮೀನಿನ ಗೊಜ್ಜಿತ್ತು. ಪಕ್ಕದ ಬೆಂಚಿನವರು ಮೂಗು ಮುಚ್ಚಿಕೊಂಡು ಎದ್ದು ಹೋದರು. ಐದು ನಿಮಿಷಕ್ಕೆ ಕಾವಲಿನವರು ಬಂದರು. ‘ಏನ್ರಮ್ಮಾ, ಬೋರ್ಡ್ ಕಾಣಾಕಿಲ್ವಾ? ಇಲ್ಲಿ ಊಟ ಮಾಡಂಗಿಲ್ಲ.’ ಬೋರ್ಡ್ ಇದ್ದದ್ದು ನಿಜ. ಅದರ ಕೆಳಗೇ ಒಂದು ಕುಟುಂಬ ಚುರುಮುರಿ ತಿನ್ನುತ್ತಿದ್ದುದೂ ನಿಜ. ಆದರೆ ತಪ್ಪು ನಮ್ಮದೂ ಇತ್ತು. ಹಿಂದಿನ ದಿನ ಮಿಕ್ಕ ಅನ್ನವನ್ನು ನಾಯಿ ತಿನ್ನಲಿ ಅಂತ ಗಿಡದ ಬುಡಕ್ಕೆ ಸುರಿದಿದ್ದೆವು. ‘ನೀವು ಹಾಕೋಗ್ತೀರಿ, ಗುಡ್ಸೋನು ನಾನು’ ಎಂದರು. ಅದಕ್ಕೆ ನಮ್ಮ ಬಳಿ ಉತ್ತರ ಇರಲಿಲ್ಲ.

ಬೆಂಗಳೂರಿನ ಕಬ್ಬನ್ ಪಾರ್ಕ್‌ನಲ್ಲೂ ಹೊರಗಿನಿಂದ ಊಟ ತಂದು ತಿನ್ನುವುದಕ್ಕೆ ನಿರ್ಬಂಧವಿದೆ. ಪ್ಲಾಸ್ಟಿಕ್ ಕಸ, ಇಲಿ, ಬೀದಿನಾಯಿ ಎಂಬ ಕಾರಣಗಳು ಸುಳ್ಳಲ್ಲ. ಆದರೆ ಕಸ ಹಾಕಿದವರಿಗೆ ದಂಡ ಹಾಕುವುದು ಬೇರೆ, ಊಟವನ್ನೇ ಬೇಡವೆನ್ನುವುದು ಬೇರೆ. ಕಾರಿನಲ್ಲಿ ಬಂದವರು ಕಾರಿನಲ್ಲೇ ತಿನ್ನುತ್ತಾರೆ, ದುಡ್ಡಿರುವವರು ಹೋಟೆಲಿಗೆ ಹೋಗುತ್ತಾರೆ. ಈ ನಿಯಮ ತಟ್ಟುವುದು ಗಾರೆ ಕೆಲಸದವರಿಗೆ, ಪೌರಕಾರ್ಮಿಕರಿಗೆ, ಡೆಲಿವರಿ ಹುಡುಗರಿಗೆ, ಹಳ್ಳಿಯಿಂದ ಓದಲು ಬರುವ ನಮ್ಮಂಥವರಿಗೆ. ಇಂದಿರಾ ಕ್ಯಾಂಟೀನ್‌ನಲ್ಲಿ 10 ರೂಪಾಯಿಗೆ ಊಟ ಸಿಗುತ್ತದಲ್ಲ ಅನ್ನಬಹುದು. ಸಿಗುತ್ತದೆ, ಆದರೆ ಮನೆಯಿಂದ ಬಾಕ್ಸ್ ತಂದವರು ಎಲ್ಲಿ ಕೂರಬೇಕು? 2025ರ ಆಗಸ್ಟ್ 22ರಂದು ಸುಪ್ರೀಂ ಕೋರ್ಟ್ ಬೀದಿನಾಯಿಗಳಿಗೆ ಕಂಡಲ್ಲಿ ಊಟ ಹಾಕುವುದನ್ನು ನಿಷೇಧಿಸಿತು. ಜೊತೆಗೇ, ಅದಕ್ಕಾಗಿ ವಾರ್ಡ್‌ಗಳಲ್ಲಿ ಜಾಗ ಗುರುತಿಸಬೇಕು ಎಂದೂ ಹೇಳಿತು. ನಾಯಿಗೆ ಸಿಕ್ಕ ನ್ಯಾಯ ಸರಿಯಾದದ್ದೇ. ಮನುಷ್ಯರ ಬುತ್ತಿಗೂ ಒಂದು ಕಟ್ಟೆ, ಒಂದು ನಲ್ಲಿ, ಒಂದು ಕಸದ ಬುಟ್ಟಿ ಇಟ್ಟರೆ ಖರ್ಚೆಷ್ಟಾದೀತು?

ಇಷ್ಟಾದರೂ ನನ್ನನ್ನು ಕಾಡಿದ್ದು ಬೇರೆಯೇ. ಆ ದಿನ ನಮ್ಮನ್ನು ಎಬ್ಬಿಸಿದ್ದು ಬೋರ್ಡೋ, ಮೀನೋ? ಅದಕ್ಕೂ ಮೊದಲು ಎಷ್ಟೋ ದಿನ ಅದೇ ಮರದಡಿ ಚಿತ್ರಾನ್ನ ತಿಂದಿದ್ದೆವು, ಯಾರೂ ಕೇಳಿರಲಿಲ್ಲ.

ಪಕ್ಕದ ಮಂಡ್ಯದಲ್ಲಿ 2024ರ ಡಿಸೆಂಬರ್ 20ರಿಂದ 22ರವರೆಗೆ ನಡೆದ 87ನೇ ಸಾಹಿತ್ಯ ಸಮ್ಮೇಳನ ಆಗ ನೆನಪಾಯಿತು. ಮಳಿಗೆಗಳಲ್ಲಿ ಮದ್ಯ, ತಂಬಾಕಿನ ಜೊತೆ ಮಾಂಸಾಹಾರವನ್ನೂ ನಿಷೇಧದ ಪಟ್ಟಿಗೆ ಸೇರಿಸಿದ್ದರು. ಬಾಡೂಟಕ್ಕೆ ಹೆಸರಾದ ಜಿಲ್ಲೆ ಸುಮ್ಮನಿರಲಿಲ್ಲ. ಕೊನೆಯ ದಿನ ಊಟದ ಜೊತೆ ಮೊಟ್ಟೆ ಬಂತು. ಹೋರಾಟಗಾರರು ಬಾಡೂಟ ತಂದು ಹಂಚಲು ಹೋದಾಗ ಪೊಲೀಸರ ಜೊತೆ ತಳ್ಳಾಟವೂ ಆಯಿತು. ಸಾವಿರಾರು ಜನರಿಗೆ ಒಂದೇ ಪಂಕ್ತಿಯಲ್ಲಿ ಬಡಿಸುವಾಗ ಸಸ್ಯಾಹಾರ ಸುಲಭ ಎಂಬ ವಾದದಲ್ಲಿ ಹುರುಳಿದೆ, ನಾನೂ ಒಪ್ಪುತ್ತೇನೆ. ಆದರೆ ಬಡಿಸುವುದು ಕಷ್ಟ ಅನ್ನುವುದೇ ಬೇರೆ, ನಮ್ಮವ್ವನ ಅಡುಗೆಯನ್ನು ಬ್ರಾಂದಿ, ಬೀಡಿಯ ಸಾಲಿಗೆ ಸೇರಿಸುವುದೇ ಬೇರೆ. ಸರ್ಕಾರದ ದುಡ್ಡಿನಲ್ಲಿ ನಡೆಯುವ ಕನ್ನಡದ ಹಬ್ಬದಲ್ಲೇ ಹೀಗಾದರೆ, ಪಾರ್ಕಿನ ಬೆಂಚಿನವರು ಮೂಗು ಮುಚ್ಚಿಕೊಂಡದ್ದರಲ್ಲಿ ಆಶ್ಚರ್ಯವೇನು?

ಈಗ ನಾವು ಮೂವರೂ ಬಸ್ ನಿಲ್ದಾಣದ ಬೆಂಚಿನಲ್ಲಿ ಊಟ ಮಾಡುತ್ತೇವೆ. ಹೊಗೆ, ಗದ್ದಲ ಇದ್ದರೂ ಎದ್ದೇಳಿ ಅನ್ನುವವರಿಲ್ಲ. ಮಿಕ್ಕದ್ದನ್ನು ಬಾಕ್ಸ್‌ನಲ್ಲೇ ಮನೆಗೆ ಒಯ್ಯುತ್ತೇವೆ. ಬಾಕ್ಸ್‌ಗೆ ಇನ್ನು ಒಣಮೀನು ಹಾಕಬೇಡ ಅಂತ ಅವ್ವನಿಗೆ ಹೇಳಿದ್ದೇನೆ. ಯಾಕೆ ಅಂತ ಕೇಳಿದಳು. ಸಾರು ಚೆಲ್ಲುತ್ತೆ ಅಂದೆ.